ಕರ್ಸೋ ಅಜ್ಜನ ತಲೆಗೆ ಕಟ್ಟಿದ ಮಳೆ

ನವೆಂಬರ್ ೧೪, ಗುರುವಾರ. ಸೋಲೋ ನಗರ.

ನಾನು ಏರ್ಪಾಟು ಮಾಡಿದ್ದ ಆ ಮದುವೆ ಮಳೆಯಲ್ಲಿ ನೆನೆದದ್ದು ನನ್ನಿಂದ. ಮೂರು ವರ್ಷದಿಂದ ಇದನ್ನು ಯಾರಿಗೂ ಹೇಳಿರಲಿಲ್ಲ. ಮಂತ್ರ ಹಾಕಿ ಮಳೆ ತಡೆಯಲು ಕರೆಸಿದ್ದ ಕರ್ಸೋ ಅಜ್ಜ ಬೆಳಿಗ್ಗೆಯೇ ಹೇಳಿದ್ದರು: "ನಾಲ್ಕು ಗಂಟೆವರೆಗೆ ಹಿಡ್ಕೋತೀನಿ ಮಗಾ, ಆಮೇಲೆ ನನ್ನ ಕೈಲಾಗಲ್ಲ. ಶಾಮಿಯಾನ ಹಾಕಿಸ್ಬಿಡು." ಬಯಲಿನಲ್ಲಿ ಫೋಟೋ ಚೆಂದ ಬರಲಿ ಎಂದು ನಾನು ಹಾಕಿಸಲಿಲ್ಲ. ನಾಲ್ಕು ದಾಟಿದ ಮೇಲೆ ಮಳೆ ಸುರಿಯಿತು; ಹೆಣ್ಣಿನ ಕಡೆಯವರು ಬೈಯಲು ಬಂದಾಗ ಅಜ್ಜನತ್ತ ಬೆರಳು ತೋರಿಸಿದೆ. ಅಂದಿನಿಂದ ಅವರನ್ನು ಯಾರೂ ಕೆಲಸಕ್ಕೆ ಕರೆದಿಲ್ಲ.

ಶಾಲೆಯನ್ನೇ ಮುಗಿಸದ ನನ್ನನ್ನು ಕಾಲೇಜಿನವರು ಈವೆಂಟ್ ಮ್ಯಾನೇಜ್‌ಮೆಂಟ್ ಕಲಿಸಲು ಕರೆದದ್ದು ಕೆಲಸದ ಅನುಭವ ನೋಡಿ. ವಿದ್ಯಾರ್ಥಿಗಳ ಪ್ರತಿ ತಂಡಕ್ಕೂ ಈ ಕಥೆಯನ್ನು, ತಪ್ಪು ಅಜ್ಜನದೇ ಎಂಬಂತೆ, ನಗಿಸುತ್ತ ಹೇಳುತ್ತಿದ್ದೆ. ಇವತ್ತೂ ಎಲ್ಲರೂ "ಹಿಡ್ಕೋತೀನಿ" ಎಂಬ ಅಜ್ಜನ ಮಾತಿಗೆ ನಕ್ಕರು. ಆ ನಗು ಕೇಳಲಾಗದೆ ನಿಜ ಹೇಳಿಬಿಟ್ಟೆ.

ಮುಂದಿನ ಸಾಲಿನ ಲಾರಸ್ತಿ ಪೆನ್ನು ಹಿಡಿದೇ ಕೇಳಿದಳು: "ಅಕ್ಕಾ, ಹಾಗಾದ್ರೆ ಪರೀಕ್ಷೇಲಿ ಯಾವುದನ್ನ ಬರೀಬೇಕು?"

ಸುದ್ದಿ ಕಿವಿಗೆ ಬಿದ್ದು ವಿಭಾಗದ ಮುಖ್ಯಸ್ಥೆ ವುರ್ಯಾನಿ ಮೇಡಂ ಕೋಣೆಗೆ ಕರೆಸಿದರು.

"ನೋಡಮ್ಮ, ಅನುಭವ ಹೇಳು ಅಂದ್ರೆ ನಿನ್ನ ಮಾನ ನೀನೇ ಕಳ್ಕೋ ಅಂತಲ್ಲ. ನಾಳೆ ಕ್ಲಾಸಿಗೆ ಹೋಗಿ, ತಮಾಷೆಗೆ ಹೇಳ್ದೆ ಅನ್ನು."

"ಅದು ತಮಾಷೆ ಅಲ್ಲ ಮೇಡಂ."

"ಹಂಗಾದ್ರೆ ನಾಳೆಯಿಂದ ಬರ್ಬೇಡ."

ಕೆಲಸ ಹೋದದ್ದಕ್ಕೆ ಅಳು ಬರಲಿಲ್ಲ. ಅಜ್ಜನ ಎದುರು ಹೇಳಬೇಕಾದದ್ದನ್ನು ಮೂವತ್ತು ಹುಡುಗರ ಎದುರು ಹೇಳಿ ದೊಡ್ಡಸ್ತಿಕೆ ಮೆರೆದೆನಲ್ಲ, ಅದಕ್ಕೆ ನನ್ನ ಮೇಲೆ ನನಗೇ ಹೇಸಿಗೆ. ಅಜ್ಜ ಈಗ ವೊನೊಗಿರಿಯಲ್ಲಿ ಮಗಳ ಮನೆಯಲ್ಲಿದ್ದಾರಂತೆ. ಬಾಗಿಲು ತೆಗೆಯುತ್ತಾರೋ ಇಲ್ಲವೋ. ತೆಗೆದರೆ ನಾನು ಮೊದಲು…

ಕಣ್ಣು ಎಳೆಯುತ್ತಿದೆ. ಬೆಳಿಗ್ಗೆ ಆರರ ಬಸ್ಸಿಗೆ ವೊನೊಗಿರಿಗೆ ಹೊರಡುತ್ತೇನೆ.