ಮೇಷ್ಟ್ರ ಮಂಡಿಗೆ ಹರಳೆಣ್ಣೆ

ಮಾರ್ಚ್ ೧೨, ಮಂಗಳವಾರ

ಮೇಷ್ಟ್ರ ಮುಖ ಕಣ್ಣಮುಂದಿನಿಂದ ಹೋಗುತ್ತಿಲ್ಲ.

ಬೆಳಿಗ್ಗೆ ಕ್ಷೌರಕ್ಕೆ ಕೂತವರು, "ಏನಯ್ಯಾ, ದಿನವೆಲ್ಲಾ ನಿಂತ್ರೂ ಈಗ ಕಾಲುನೋವು ಅನ್ನಲ್ಲ. ಏನ್ ಮಾಡ್ದೆ? ನನ್ ಮಂಡಿಗೂ ಹೇಳು" ಅಂದರು. ಮೂರು ತಿಂಗಳಿಂದ ಬ್ಯಾಲೆ ಡ್ಯಾನ್ಸ್ ಕ್ಲಾಸಿಗೆ ಹೋಗಿ ವಾಸಿಯಾಯಿತು ಎನ್ನಲು ನಾಲಿಗೆ ಹೊರಳಲಿಲ್ಲ. ಬೆಂಚಿನ ಮೇಲೆ ನಾಲ್ಕು ಜನ ಸರದಿಗೆ ಕೂತಿದ್ದರಲ್ಲ. "ಹರಳೆಣ್ಣೆ ತಿಕ್ತೀನಿ ಮೇಷ್ಟ್ರೇ" ಅಂದುಬಿಟ್ಟೆ.

ಸಂಜೆ ಕುಂಟುತ್ತಾ ಸೀಸೆ ಹಿಡಿದು ಬಂದರು. "ಇದೇನಾ?"

"ಅದೇ."

ಆಗ ಅಂಗಡಿಯಲ್ಲಿ ನಾವಿಬ್ಬರೇ ಇದ್ದೆವು.

ಬಾಗಿಲು ಹಾಕಿ, ದಿನದಂತೆ ಕ್ಷೌರದ ಕುರ್ಚಿ ಹಿಡಿದು, ಕ್ಲಾಸಿನಲ್ಲಿ ಕಲಿತ ಹಾಗೆ ತುದಿಗಾಲಲ್ಲಿ ಎದ್ದೆ, ಇಳಿದೆ. ಒಂಚೂರೂ ನೋವಿಲ್ಲ. ಎದುರಿನ ಕನ್ನಡಿಗೆ ಟವೆಲ್ಲು ಹೊದಿಸಿದೆ.

ಈ ಹೊತ್ತಿಗೆ ಮೇಷ್ಟ್ರು ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಾ ನನ್ನನ್ನು ಹರಸುತ್ತಿರಬಹುದು.