ಮಂಗಳಕ್ಕೆ ಮೊದಲೇ ಎದ್ದು ಹೋದೆ

ಪ್ರೀತಿಯ ಚಿಗವ್ವ,

ನಿನ್ನನ್ನು ಮಣ್ಣು ಮಾಡಿ ಬಂದ ದಿನದಿಂದ ನಿನ್ನ ನಾಯಿ ಹಂಡ್ಯಾ, ನೀರು ಬಿಟ್ಟರೆ ಏನನ್ನೂ ಮುಟ್ಟಿಲ್ಲ. ಇಂದಿಗೆ ಐದು ದಿನ. ನಿನ್ನ ಹೊರಸಿನ ಕೆಳಗೇ ಮಲಗಿದ್ದಾನೆ. ಹಾಲಿನಲ್ಲಿ ರೊಟ್ಟಿ ನೆನೆಸಿ ಇಟ್ಟರೆ ಮೂಸಿ ನೋಡುತ್ತಾನೆ, ಆಮೇಲೆ ನನ್ನ ಮುಖ ನೋಡುತ್ತಾನೆ, ಬರಬೇಕಾದದ್ದು ಏನೋ ಬರಲಿಲ್ಲ ಎಂಬಂತೆ. ದನದ ಡಾಕ್ಟರು ಸೂಜಿ ಮಾಡಿ, "ರೋಗ ಏನೂ ಇಲ್ಲವಾ. ಆದ್ರ ಹೊಟ್ಟಿಗಿ ಹೋಗಲಿಲ್ಲಂದ್ರ ಉಳಿಯೂದಿಲ್ಲ" ಅಂದರು. ಈಗ ನಾನೇನು ಮಾಡಲಿ?

ಸಂಘದ ಕರಪತ್ರಗಳ ಕಟ್ಟು ಹಿಡಿದು ನಾನು ಮೊದಲ ಸಲ ನಿನ್ನ ಬಾಗಿಲಿಗೆ ಬಂದದ್ದು ನೆನಪಿದೆಯಾ? ಗಂಗಾವತಿಯ ಈ ಓಣಿಯ ಮಕ್ಕಳಿಗೆ ಹಾಲಿಲ್ಲ, ನೀನು ನಾಯಿಗೆ ಹಾಲು ಹಾಕುತ್ತಿ ಎಂದು ಜಗಳ ತೆಗೆದಿದ್ದೆ. ನೀನು ನಕ್ಕೆ. "ಯಾರ ಪಾಲಿಂದೂ ಅಲ್ಲವಾ, ಇದು ನನ್ನ ಚಾದ ಹಾಲು. ನಾ ಕರೇ ಚಾ ಕುಡೀತೀನಿ. ಅದಿರ್ಲಿ, ಸಭಾದಾಗ ಹಿಂಗ ಒದರಿದ್ರ ನಾಯಿ ಸೈತ ಓಡಿ ಹೋಗ್ತಾವು. ಹೊಟ್ಟಿಲಿಂದ ದನಿ ತಗಿ." ಅಂದಿನಿಂದ ನಾನು ನಿನಗೆ ಹಾಡಿನ ಶಿಷ್ಯೆಯಾದೆ, ನೀನು ನನಗೆ ಚಿಗವ್ವ ಆದೆ.

ಕುಷ್ಟಗಿಯ ಆಟದ ಕಥೆಯನ್ನು ನೀನು ನಗುತ್ತಲೇ ಹೇಳುತ್ತಿದ್ದೆ. ಸಣ್ಣಾಟದ ಮೇಳದಲ್ಲಿ ನಿನ್ನದು ರಾಣಿಯ ಪಾರ್ಟು, ಇಡೀ ಆಟ ನಿನ್ನ ಹಾಡಿನ ಮೇಲೆ ನಿಂತಿತ್ತು. "ನಾಯಿ ಬಿಡು, ಇಲ್ಲಾ ಮೇಳ ಬಿಡು" ಅಂದ ಮಾಲಕ. ಮುಖದ ಬಣ್ಣವನ್ನೂ ಒರೆಸದೆ, ಆಗಿನ ನಿನ್ನ ನಾಯಿ ಚಂದ್ರಿಯನ್ನು ಕಂಕುಳಲ್ಲಿ ಎತ್ತಿಕೊಂಡು ನಡೆದುಬಿಟ್ಟೆ. ಆಮೇಲೆ ಯಾವ ಮೇಳವೂ ನಿನಗೆ ರಾಣಿಯ ಪಾರ್ಟು ಕೊಡಲಿಲ್ಲ. ಬೇಸರವಾಗಲಿಲ್ಲವೇ ಎಂದು ಒಮ್ಮೆಯಾದರೂ ಕೇಳಬೇಕಿತ್ತು ನಾನು...

ಮೇಳದಲ್ಲಿ ಆಟದ ಕೊನೆಗೆ ಮಂಗಳ ಹಾಡುವ ತನಕ ಯಾರೂ ಊಟಕ್ಕೆ ಕೂಡುವಂತಿಲ್ಲ. ಆ ಪದ್ಧತಿಯನ್ನು ನೀನು ಮನೆಗೂ ತಂದಿದ್ದೆ. ಸಂಜೆ ತಾಟು ಇಟ್ಟು, ಮಂಗಳ ಹಾಡಿ, ಆಮೇಲೆ ನಾಯಿಗಳಿಗೆ "ಹೂಂ" ಅನ್ನುತ್ತಿದ್ದೆ. ಅಲ್ಲಿಯವರೆಗೆ ಅವು ಜೊಲ್ಲು ಸುರಿಸುತ್ತ ಕೂತಿರುತ್ತಿದ್ದವು. ನಿನ್ನ ಎಲ್ಲ ಹಾಡುಗಳನ್ನೂ ನಾನು ಕಲಿತೆ, ಆ ಮಂಗಳವೊಂದನ್ನು ಬಿಟ್ಟು. ದೇವರಿಗೆ ಆರತಿ ಎತ್ತುವ ಹಾಡು ದೇವರನ್ನೇ ನಂಬದ ನನ್ನ ಬಾಯಲ್ಲಿ ಬರುವುದಿಲ್ಲ ಎಂದು ಹಟ ಹಿಡಿದೆ. ನೀನು ತಾಟು ತೆಗೆದರೆ ಸಾಕು, ನಾನು ಚಪ್ಪಲಿ ಮೆಟ್ಟುತ್ತಿದ್ದೆ. "ಒಮ್ಮೆರ ನಿಂತು ಕೇಳಿ ಹೋಗವಾ" ಅಂದೆ ನೀನು ಒಂದು ದಿನ. ನಾನು ತಿರುಗಿಯೂ ನೋಡಲಿಲ್ಲ.

ನಿನ್ನೆ ಹಂಡ್ಯಾ ತಾಟಿನ ಮುಂದೆ ನೆಟ್ಟಗೆ ಕೂತಾಗ ನನಗೆ ಹೊಳೆಯಿತು. ಅವನು ಮಂಗಳಕ್ಕೆ ಕಾಯುತ್ತಿದ್ದಾನೆ! ಇವತ್ತು ಬೆಳಿಗ್ಗೆ ಮೊದಲ ಬಸ್ಸಿಗೆ ಬೇವೂರಿಗೆ ಓಡಿದೆ, ನಿನ್ನ ಹಾಡಿಗೆ ಹಾರ್ಮೋನಿಯಂ ಪೇಟಿ ನುಡಿಸುತ್ತಿದ್ದ ಹನುಮಂತಪ್ಪ ಮಾಸ್ತರರ ಹತ್ತಿರ ಆ ಹಾಡು ಕಲಿಯಲು.

"ಮಂಗಳ ಅಂದ್ರ ಮಾರುದ್ದ ಓಡ್ತಿದ್ದಾಕಿ, ಈಗ ಅದನ್ನ ಬೇಡಾಕ ಬಂದಿಯೇನ?" ಅಂದರು. ನಾನು ಅತ್ತುಬಿಟ್ಟೆ. ಅವರು ಪೇಟಿ ಎಳೆದುಕೊಂಡರು.

"ದೇವರು ಎಲ್ಲಿ ಅದಾನವಾ ಅದರಾಗ? ದೇವರ ಹೆಸರಿದ್ದಲ್ಲೆಲ್ಲ ಆಕಿ ತನ್ನ ಸತ್ತ ನಾಯಿಗೋಳ ಹೆಸರು ಹಾಕಿದ್ಲು. ಒಂದನ್ನೂ ಬಿಟ್ಟಿಲ್ಲ ನೋಡು."

ಚಂದ್ರಿಗೆ ಮಂಗಳ, ಕರಿಯಗೆ ಮಂಗಳ, ಕುಂಟ ಮಲ್ಲಿಗೆ ಮಂಗಳ... ಹನ್ನೊಂದು ಹೆಸರು, ಚಿಗವ್ವ. ನಾನು ಯಾವುದನ್ನು ಕೇಳದೆ ಎದ್ದು ಹೋಗುತ್ತಿದ್ದೆ? ಎಷ್ಟು ಸಂಜೆ? ನೀನು ಒಂದು ಮಾತು ಹೇಳಬಾರದಿತ್ತೇ? ಹೇಳಿದ್ದೆ. ನಿಂತು ಕೇಳು ಅಂದಿದ್ದೆ.

ಇಷ್ಟು ಬರೆದಿಟ್ಟು ಎದ್ದು, ಇವತ್ತು ಸಂಜೆ ತಾಟಿಟ್ಟು ಹಾಡಿದೆ. ದನಿ ಒಡೆಯಿತು, ಶ್ರುತಿ ಜಾರಿತು. ಹನ್ನೊಂದು ಹೆಸರಾದ ಮೇಲೆ ಶಾಂತವ್ವಗೆ ಮಂಗಳ ಎಂದು ನಿನ್ನ ಹೆಸರನ್ನೂ ಸೇರಿಸಿದೆ. "ಹೂಂ" ಅಂದೆ. ಹಂಡ್ಯಾ ತೆವಳಿ ಬಂದು ಹಾಲು ನೆಕ್ಕಿದ, ನಾಲ್ಕೈದು ಸಲ, ಅಷ್ಟೇ. ರೊಟ್ಟಿ ಹಾಗೇ ಇದೆ.

ಉಳಿಯುತ್ತಾನೋ ಇಲ್ಲವೋ ಗೊತ್ತಿಲ್ಲ. ನಾಳೆ ಸಂಜೆಯೂ ಹಾಡುತ್ತೇನೆ, ನಾಡಿದ್ದೂ ಹಾಡುತ್ತೇನೆ. ಆದರೆ ಚಿಗವ್ವ, ಅವನ ಹೆಸರನ್ನು ಆ ಹಾಡಿಗೆ ಸೇರಿಸುವಂತೆ ಮಾಡಬೇಡ.

ನಿನ್ನ ರೇಣಿ