ಮಾಂಯ್ ಬಾಯಿ ತೆರೆದರು

ಶಿರಿಯ
14 ಅಕ್ಟೋಬರ್ 2008

ನನ್ನ ಮುದ್ದು ಮಮ್ಮಿ,

ಮಾಂಯ್ ನನಗೆ ಬಾಯಿ ತೆರೆದು ತೋರಿಸಿದರು! ಹೌದು, ನನ್ನ ಅತ್ತೆ ಮಗ್ದಲಿನ್! ಮದುವೆಯಾಗಿ ಐದು ವಾರದಲ್ಲಿ ಸಿಕ್ಕಿದ ಅತಿ ದೊಡ್ಡ ಉಡುಗೊರೆ ಇದು, ನನ್ನ ವಿಲ್ಫ್ರೆಡ್ ದೋಹಾದಿಂದ ತಂದ ಬಳೆಗಿಂತಲೂ ದೊಡ್ಡದು. ಫೋನಿನಲ್ಲಿ ಹೇಳುವ ಹಾಗಿಲ್ಲ; ಫೋನ್ ಇರುವುದು ಅವರ ಮಂಚದ ಪಕ್ಕದಲ್ಲೇ.

ಮದುವೆಯ ದಿನ ನೀನು ಬಾಯಿಗೆ ಹಿಡಿದ ಕೇಕನ್ನು ಅವರು ತಳ್ಳಿದ್ದು ನಿನ್ನ ಮನಸ್ಸಿನಲ್ಲಿ ಇನ್ನೂ ಉಂಟು. ಎಂತ ಗರ್ವ ಮಾರಾಯ್ತಿ, ಒಂದು ನಗು ಸಹ ಇಲ್ಲ, ಅಂತ ನೀನೇ ಅಂದಿದ್ದಿ. ಅವರ ಮಲ್ಟಿಪಲ್ ಸ್ಕ್ಲೆರೋಸಿಸ್ ಅಂದರೆ ಕಾಲಿನ ಬಲ ಹೋಗುವ ಕಾಯಿಲೆ ಅಂತ ಮಾತ್ರ ನಾವು ತಿಳಿದದ್ದು. ಅದು ಕೈಗೂ ಬರುತ್ತದೆ ಮಮ್ಮಿ. ಬ್ರಶ್ ಹಿಡಿದರೆ ಮೂಗಿಗೆ, ಕಣ್ಣಿಗೆ ತಾಗುತ್ತದಂತೆ. ಮಾತ್ರೆಗಳಿಂದ ಬಾಯಿ ಒಣಗುತ್ತದೆ. ಇನ್ನೊಬ್ಬರಿಂದ ಉಜ್ಜಿಸಿಕೊಳ್ಳಲು ನಾಚಿಕೆ. ನಾಲ್ಕು ವರ್ಷದಿಂದ ಬರೀ ಉಪ್ಪುನೀರು.

ತಿಂಗಳ ಮೊದಲ ಶುಕ್ರವಾರ ಪಾದ್ರಿಗಳು ಕಾಯಿಲೆಯವರಿಗೆ ಪರಮಪ್ರಸಾದ ತರುತ್ತಾರಲ್ಲ, ಎರಡು ವರ್ಷದಿಂದ ಮಾಂಯ್ ಅದಕ್ಕೂ ಬಾಯಿ ತೆರೆದಿಲ್ಲ. ಪಾಪನಿವೇದನೆ ಮಾಡದೆ ಉಳಿಸಿಕೊಂಡದ್ದು ಏನೋ ಉಂಟು ಅಂತ ಇಗರ್ಜಿಯಲ್ಲಿ ಎಲ್ಲರೂ ಮಾತಾಡಿಕೊಂಡರು. ಮಾವ ಆಂಬ್ರೋಸ್ ಕೂಡ ಯಾರ ಜೊತೆ ಎಂತ ಮಾಡಿದ್ದಿ ಅಂತ ಕೇಳಿದ್ದರಂತೆ! ನಿಜ ಎಂದರೆ, ಒಮ್ಮೆ ಪ್ರಸಾದದ ತೆಳು ಬಿಲ್ಲೆ ಒಣ ನಾಲಗೆಗೆ ಅಂಟಿ, ನುಂಗಲಾಗದೆ ಉಸಿರು ಕಟ್ಟಿತ್ತು. ಆಗ ಪಾದ್ರಿ ವಾಸನೆಗೆ ಮುಖ ತಿರುಗಿಸಿದ್ದನ್ನು ಅವರು ಕಂಡಿದ್ದರು. ಪಾಪಿ ಅಂತ ಹೇಳಿದರೆ ಹೇಳಲಿ, ಬಾಯಿ ನಾರುತ್ತದೆ ಅಂತ ಯಾರೂ ಹೇಳುವುದು ಬೇಡ, ಅಂದರು ನನ್ನ ಹತ್ತಿರ.

ಭಾನುವಾರ ಅವರ ಕೆನ್ನೆ ಬಾತು ಜ್ವರ ಬಂತು. ನಾನು ಮೊದಲು ನನ್ನ ಬಾಯಿ ಅಗಲಿಸಿ, ಸಿಮೆಂಟ್ ತುಂಬಿಸಿದ ನಾಲ್ಕು ಹಲ್ಲು ತೋರಿಸಿದೆ. ನಿನ್ನದು ಅರಮನೆ, ನನ್ನದು ಹಾಳುಬಾವಿ, ಅಂದರು. ಆಮೇಲೆ ತೆರೆದರು. ನಾನು ನಗುತ್ತಲೇ ನೋಡಿದೆ. ಬಾವಿಕಟ್ಟೆಗೆ ಹೋಗಿ ವಾಂತಿ ಮಾಡಿದ್ದು ಆಮೇಲೆ.

ನಿನ್ನೆ ಕುಂಬಳೆಗೆ ಕರೆದುಕೊಂಡು ಹೋದೆವು. ಹಲ್ಲಿನ ಡಾಕ್ಟರರ ಕ್ಲಿನಿಕ್ ಎರಡನೇ ಮಾಳಿಗೆಯಲ್ಲಿ. ಪಾಪ, ಅವರೇ ಇಳಿದು ಬಂದು ಆಟೋದೊಳಗೆ ಟಾರ್ಚ್ ಹಿಡಿದು ನೋಡಿದರು. ಉಳಿದ ಹನ್ನೊಂದು ಹಲ್ಲೂ ಕೀಳಬೇಕು, ಕೀವು ದವಡೆಗೆ ಇಳಿದಿದೆ. ನುಂಗುವ ಶಕ್ತಿ ಕಮ್ಮಿ ಇರುವುದರಿಂದ ಇಲ್ಲಿ ಮಾಡುವ ಹಾಗಿಲ್ಲ, ಮಂಗಳೂರಿನ ದೊಡ್ಡ ಆಸ್ಪತ್ರೆಯೇ ಆಗಬೇಕು. ಕೀವು ಶ್ವಾಸಕೋಶಕ್ಕೆ ಹೋದರೆ ಉಳಿಯುವುದು ಕಷ್ಟ ಎಂಬುದನ್ನು ಮಾತ್ರ ಇಂಗ್ಲಿಷಿನಲ್ಲಿ ಹೇಳಿದರು, ಮಾಂಯಿಗೆ ತಿಳಿಯಬಾರದೆಂದು. ಏನಂದರು ಅಂತ ಮಾಂಯ್ ಕೇಳಿದಾಗ, ನಿಮ್ಮ ಸೊಸೆ ಚಂದ ಉಂಟು ಅಂದರು, ಅಂದೆ.

ನಿನ್ನ ಮನೆಗೆ ಬರುತ್ತೇವೆ ಮಮ್ಮಿ. ಆಸ್ಪತ್ರೆಗೆ ಹತ್ತಿರ ನಮಗೆ ಬೇರೆ ಯಾರಿದ್ದಾರೆ? ಕೇಕಿನ ಮಾತು ತೆಗೆಯಬೇಡ. ಗಂಜಿಯನ್ನು ಚೆನ್ನಾಗಿ ಕಿವುಚಿ ದಪ್ಪ ಮಾಡು, ನೀರಾದರೆ ನೆತ್ತಿಗೇರುತ್ತದೆ. ಅವರು ಬಾಯಿಗೆ ಕೈ ಅಡ್ಡ ಹಿಡಿದೇ ಮಾತಾಡುತ್ತಾರೆ. ನೀನು ಹತ್ತಿರ ಕೂತು ಕೇಳು, ದೂರ ಸರಿಯಬೇಡ.

ನಿನ್ನ (ಈಗ ಮಿಸೆಸ್!)
ಪಿಂಕಿ

ತಾಜಾ ಕಲಂ: ಅವರು ಬಾಯಿ ತೆರೆದದ್ದು ನನ್ನ ಪ್ರೀತಿಗೆ ಅಂತ ಬರೆಯಲು ಆಸೆಯಾಯಿತು. ಹಾಗಲ್ಲ. ಅವರಿಗೊಂದು ಹಲ್ಲಿನ ಸೆಟ್ ಬೇಕಾಗಿದೆ, ಊಟಕ್ಕಲ್ಲ. ತನ್ನ ಶವಪೆಟ್ಟಿಗೆಯ ಸುತ್ತ ಎಲ್ಲರೂ ನಿಂತು ಫೋಟೋ ತೆಗೆಯುವಾಗ ಬಾಯಿ ಕುಸಿದಿರಬಾರದು, ವಿಲ್ಫ್ರೆಡ್ ಆ ಫೋಟೋ ದೋಹಾಕ್ಕೆ ಕೊಂಡುಹೋಗುತ್ತಾನೆ, ಅಂದರು. ನಾನು ಹೂಂ ಅಂದೆ. ವಿಲ್ಫ್ರೆಡ್‌ಗೆ ಹೇಳಿಲ್ಲ. ಇಪ್ಪತ್ತನೇ ತಾರೀಕು, ಸೋಮವಾರ, ಬೆಳಗ್ಗಿನ ಕಣ್ಣೂರು–ಮಂಗಳೂರು ಪ್ಯಾಸೆಂಜರ್.